ಬಿಲ್ಲಿಗೆ ಮುಂಚೆ ಬೀದಿಯವರ ರುಜು ಬೀಳಲಿ

ನಮ್ಮ ನಗರದ ಬೀದಿಗಳಲ್ಲಿ ಒಂದು ಪವಾಡ ನಡೆಯುತ್ತಿದೆ. ದೀಪ ಕಂಬದಲ್ಲಿ ಉರಿಯುವುದಿಲ್ಲ, ಕಡತದಲ್ಲಿ ಮಾತ್ರ ಉರಿಯುತ್ತದೆ. ಚರಂಡಿಯ ಹೂಳು ಚರಂಡಿಯಲ್ಲೇ ಕೊಳೆಯುತ್ತಿರುತ್ತದೆ, ಲೆಕ್ಕದಲ್ಲಿ ಮಾತ್ರ ಲಾರಿ ಹತ್ತಿ ಊರಾಚೆ ಹೋಗಿರುತ್ತದೆ. ದೂರು ಕೊಟ್ಟವರ ಮೊಬೈಲಿಗೆ ಮೂರನೇ ದಿನ ಸಂದೇಶ ಬಂದು ಬೀಳುತ್ತದೆ: ‘ನಿಮ್ಮ ಸಮಸ್ಯೆ ಬಗೆಹರಿದಿದೆ.’ ಯಾರು ಬಗೆಹರಿಸಿದರು? ಯಾವಾಗ? ನೋಡಿದವರು ಯಾರು? ಕೇಳಿದರೆ ಉತ್ತರವಿಲ್ಲ.

ದೂರು ಹೇಳಲು ದಾರಿಗಳಿಗೇನೂ ಬರವಿಲ್ಲ ಬಿಡಿ. ಪಾಲಿಕೆಯ ಕಂಟ್ರೋಲ್ ರೂಮ್ ಇದೆ, ವಾಟ್ಸಾಪ್ ನಂಬರು ಇದೆ, ರಾಜ್ಯ ಸರ್ಕಾರದ 1902 ಇದೆ. ಇಷ್ಟೆಲ್ಲ ಇದ್ದೂ ನಮ್ಮ ಕಚೇರಿಗೆ ಬರುವ ಓದುಗರ ಪತ್ರಗಳ ಹಾಡು ಮಾತ್ರ ಬದಲಾಗಿಲ್ಲ. ಮೊದಲ ಸಲ ಫೋನ್ ಮಾಡಿದರೆ ‘ಬರ್ಕೊಂಡಿದೀವಿ ಸಾರ್, ಹುಡುಗರನ್ನ ಕಳಿಸ್ತೀವಿ.’ ಎರಡನೇ ಸಲ ಮಾಡಿದರೆ ‘ಅದು ನಮಗೆ ಬರಲ್ಲ, ಎಲೆಕ್ಟ್ರಿಕಲ್ ಸೆಕ್ಷನ್ನಿಗೆ ಹೇಳಿ.’ ಮೂರನೇ ಸಲಕ್ಕೆ ‘ನಿಮ್ಮದು ಕ್ಲೋಸ್ ಆಗಿದೆಯಲ್ಲಾ!’ ಕ್ಲೋಸ್ ಆದದ್ದು ದೂರು. ತೆರೆದೇ ಇರುವುದು ಮ್ಯಾನ್‌ಹೋಲು.

ಪರೀಕ್ಷೆ ಬರೆದವನೇ ಮಾರ್ಕು ಹಾಕಿದರೆ

ರೋಗ ಎಲ್ಲಿದೆ ಎಂದು ಹುಡುಕಲು ದೊಡ್ಡ ಸಮಿತಿ ಬೇಕಿಲ್ಲ. ಕೆಲಸ ಮಾಡಬೇಕಾದವರೇ ‘ಕೆಲಸ ಆಯಿತು’ ಎಂದು ಬರೆಯುತ್ತಾರೆ. ಪರೀಕ್ಷೆ ಬರೆದ ಹುಡುಗನ ಕೈಗೇ ಕೆಂಪು ಶಾಯಿಯ ಪೆನ್ನು ಕೊಟ್ಟರೆ ಯಾವನು ತಾನೇ ಫೇಲಾದಾನು? ಗುತ್ತಿಗೆದಾರ ಕೆಲಸ ಮುಗಿಯಿತೆನ್ನುತ್ತಾನೆ. ಜೂನಿಯರ್ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಮೇಲಿನವರು ರುಜು ಮಾಡುತ್ತಾರೆ, ಲೆಕ್ಕದ ವಿಭಾಗ ಹಣ ಬಿಡುಗಡೆ ಮಾಡುತ್ತದೆ. ಈ ಮೆರವಣಿಗೆಯಲ್ಲಿ ಒಬ್ಬನೇ ಒಬ್ಬನಿಗೆ ಜಾಗವಿಲ್ಲ. ಅವನು ಆ ಬೀದಿಯಲ್ಲಿ ವಾಸ ಮಾಡುವ ಮನುಷ್ಯ, ಅಂದರೆ ಕಂದಾಯ ಕಟ್ಟುವವನು.

ಎಲ್ಲ ಇಂಜಿನಿಯರರೂ ಕಳ್ಳರು, ಎಲ್ಲ ಗುತ್ತಿಗೆದಾರರೂ ಸುಳ್ಳರು ಎಂದು ನಾವು ಹೇಳುತ್ತಿಲ್ಲ. ನಿಯತ್ತಿನಿಂದ ದುಡಿಯುವವರೂ ಇದ್ದಾರೆ. ನಮ್ಮ ಮಾತು ವ್ಯವಸ್ಥೆಯದು. ಹಲವಾರು ವಾರ್ಡುಗಳ ಹೊಣೆ ಹೊತ್ತ ಒಬ್ಬ ಇಂಜಿನಿಯರಿಗೆ ಪ್ರತಿ ನಲ್ಲಿಯ ಮುಂದೆ, ಪ್ರತಿ ಕಂಬದ ಕೆಳಗೆ ನಿಂತು ನೋಡಲು ಆಗುತ್ತದೆಯೇ? ಆಗುವುದಿಲ್ಲ. ಆದರೆ ಆ ನಲ್ಲಿಯ ಮುಂದೆ ದಿನಾ ಬೆಳಿಗ್ಗೆ ಕೊಡ ಹಿಡಿದು ನಿಲ್ಲುವ ತಾಯಂದಿರಿದ್ದಾರೆ. ಆ ಕಂಬದ ಕೆಳಗೆ ಎರಡನೇ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವ ಕಾರ್ಮಿಕನಿದ್ದಾನೆ. ಸಂಬಳವಿಲ್ಲದೆ, ರಜೆಯಿಲ್ಲದೆ ನೋಡುತ್ತಿರುವ ಈ ಕಣ್ಣುಗಳನ್ನು ಪಾಲಿಕೆ ಯಾಕೆ ಬಳಸಿಕೊಳ್ಳುವುದಿಲ್ಲ?

ನೀರಿನ ವಿಷಯ ತಮಾಷೆಯಲ್ಲ

ಇದು ಬರೀ ದೀಪ, ಗುಂಡಿಯ ಗೊಣಗಾಟ ಎಂದುಕೊಂಡವರಿಗೆ ಎರಡು ಊರಿನ ಹೆಸರು ಹೇಳುತ್ತೇವೆ. 2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿ ನಲ್ಲಿ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಹಲವರು ಮನೆಗೆ ವಾಪಸು ಬರಲಿಲ್ಲ. ಮರುವರ್ಷ, 2023ರ ಆಗಸ್ಟ್ ಹೊತ್ತಿಗೆ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಗೋಳು. ಸತ್ತವರು ಬಡವರು. ಆಮೇಲೆ ಮಂತ್ರಿಗಳು ಬಂದರು, ತನಿಖೆ ಎಂದರು, ಪರಿಹಾರ ಎಂದರು. ಹೋದ ಜೀವಕ್ಕೆ ಯಾವ ಪರಿಹಾರ?

ನೀರು ಕೆಟ್ಟದ್ದು ಮೊದಲು ಗೊತ್ತಾಗುವುದು ಯಾರಿಗೆ? ಕಚೇರಿಯಲ್ಲಿ ಕೂತವರಿಗಲ್ಲ. ಕೊಡಕ್ಕೆ ನೀರು ಬೀಳುವಾಗ ಅದರ ಬಣ್ಣ ಕಾಣುವುದು, ವಾಸನೆ ಬಡಿಯುವುದು ಮನೆಯ ಹೆಣ್ಣುಮಕ್ಕಳಿಗೆ. ಹಳೆಯ ಊರುಗಳಲ್ಲಿ ನೀರಿನ ಪೈಪೂ ಚರಂಡಿಯೂ ಅಕ್ಕಪಕ್ಕ ಮಲಗಿವೆ. ನೀರು ಬಿಟ್ಟಾಗ ಪೈಪು ತುಂಬಿರುತ್ತದೆ, ಒಳಗಿನ ಒತ್ತಡ ಹೊರಗಿನ ಕೊಳಚೆಯನ್ನು ತಡೆಯುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಇಳಿಯುತ್ತದೆ, ಬಿರುಕಿದ್ದಲ್ಲಿ ಕೊಳಚೆ ಒಳಕ್ಕೆ ಸೇರಬಹುದು. ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಈ ಅಪಾಯ ಪ್ರತಿ ಸರದಿಗೂ ಇದ್ದದ್ದೇ. ಆದ್ದರಿಂದಲೇ ಸರದಿಯ ಮೊದಲ ಕೊಡದ ನೀರನ್ನು ನೋಡುವ ಕಣ್ಣು ಬಹಳ ಮುಖ್ಯ. ಆ ಕಣ್ಣು ಕಂಡದ್ದು ನೀರುಗಂಟಿಗೆ, ಅಲ್ಲಿಂದ ಇಂಜಿನಿಯರಿಗೆ ಅದೇ ದಿನ ತಲುಪಿದರೆ ವಾಲ್ವು ಮುಚ್ಚಬಹುದು, ಟ್ಯಾಂಕರ್ ಕಳಿಸಬಹುದು. ನಾಲ್ಕು ದಿನ ಬಿಟ್ಟು ತಲುಪಿದರೆ ಆಂಬುಲೆನ್ಸ್ ಕಳಿಸಬೇಕಾಗುತ್ತದೆ.

ಕಣ್ಣಿಗೆ ಕಾಣದ್ದನ್ನು ನೋಡುವ ಉಪಾಯವೂ ಇದೆ. ಮನೆಯ ನಲ್ಲಿಗೆ ತಲುಪುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಕ್ಲೋರಿನ್ ಉಳಿದಿರಬೇಕು ಎಂಬುದು ಭಾರತೀಯ ಮಾನಕದ ಮಾತು. ಅದನ್ನು ನೋಡಲು ದೊಡ್ಡ ಲ್ಯಾಬು ಬೇಡ. ಔಷಧದ ಹನಿ ಹಾಕಿ ಬಣ್ಣ ನೋಡುವ ಚಿಕ್ಕ ಕಿಟ್ ಸಾಕು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಇಂಥ ಕಿಟ್ ಹಿಡಿಯಲು ತರಬೇತಿ ಕೊಡಬೇಕೆಂದು ಇಟ್ಟರು. ಹಳ್ಳಿಯ ಹೆಣ್ಣುಮಕ್ಕಳ ಕೈಲಿ ಆಗುವ ಕೆಲಸ ನಗರದ ವಾರ್ಡಿನಲ್ಲಿ ಯಾಕೆ ಆಗಬಾರದು? ಪುರಪಿತೃಗಳು ಉತ್ತರ ಹೇಳಲಿ.

ಬೆಂಗಳೂರಿಗೆ ಬಿದ್ದ ಅಂಕಪಟ್ಟಿ

ಬಿಡಿಬಿಡಿಯಾಗಿ ಕೂಗಿದರೆ ಅದು ಗೊಣಗಾಟ. ಎಲ್ಲರ ಮಾತನ್ನೂ ಒಟ್ಟು ಮಾಡಿ ಎಣಿಸಿದರೆ ಅದು ಲೆಕ್ಕ. ಗೊಣಗಾಟಕ್ಕೆ ಅಧಿಕಾರಿಗಳು ಹೆದರುವುದಿಲ್ಲ, ಲೆಕ್ಕಕ್ಕೆ ಹೆದರುತ್ತಾರೆ. ಇದನ್ನು ನಮ್ಮ ರಾಜ್ಯದಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ.

ಅಹಮದಾಬಾದಿನ ಐ.ಐ.ಎಂ. ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸ್ಯಾಮ್ಯುಯೆಲ್ ಪಾಲ್ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ, 1993ರಲ್ಲಿ, ಮನೆಮನೆಗೆ ಜನ ಕಳಿಸಿ ಒಂದು ಸರಳ ಪ್ರಶ್ನೆ ಕೇಳಿಸಿದರು: ನೀರಿನ ಮಂಡಳಿ, ಕಾರ್ಪೊರೇಷನ್, ವಿದ್ಯುತ್, ಟೆಲಿಫೋನು, ಬಿ.ಡಿ.ಎ. ಇವುಗಳ ಕೆಲಸ ನಿಮಗೆ ತೃಪ್ತಿಯಾಗಿದೆಯೇ? 1994ರಲ್ಲಿ ಆ ಅಂಕಪಟ್ಟಿ ಹೊರಬಿದ್ದಾಗ ಬೆಂಗಳೂರು ಬೆಚ್ಚಿತು. ಬಿ.ಡಿ.ಎ. ಕೆಲಸ ತೃಪ್ತಿಕರ ಎಂದವರು ಸೇಕಡಾ 1. ನೀರಿನ ಮಂಡಳಿಗೆ ಸೇಕಡಾ 4, ಕಾರ್ಪೊರೇಷನ್ನಿಗೆ ಸೇಕಡಾ 5. ಶಾಲಾ ಹುಡುಗ ಇಂಥ ಮಾರ್ಕ್ಸ್‌ಕಾರ್ಡ್ ಮನೆಗೆ ತಂದರೆ ಅಪ್ಪ ಬೆತ್ತ ಹುಡುಕುತ್ತಾನೆ. ಕೊಳೆಗೇರಿಗಳ ಲೆಕ್ಕವಂತೂ ಇನ್ನೂ ಕಹಿ. ಕೆಲಸವಾಗಲು ಕೈ ಬೆಚ್ಚಗೆ ಮಾಡಬೇಕಾದವರ ಪಾಲು ಅಲ್ಲಿಯೇ ಹೆಚ್ಚು.

ಅದೇ ವರ್ಷ ಅವರು ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿದರು. 1999ರಲ್ಲಿ ಮತ್ತೆ ಕೇಳಿದರು, 2003ರಲ್ಲಿ ಮತ್ತೊಮ್ಮೆ ಕೇಳಿದರು. ಒಟ್ಟಾರೆ ತೃಪ್ತಿಯ ಸರಾಸರಿ ಸೇಕಡಾ 9ರಿಂದ 34ಕ್ಕೆ, ಅಲ್ಲಿಂದ 49ಕ್ಕೆ ಏರಿತ್ತು. ಅಂಕಪಟ್ಟಿ ಒಂದರಿಂದಲೇ ಹೀಗಾಯಿತೆಂದು ಹೇಳಿದರೆ ತಪ್ಪಾದೀತು. ಎಸ್.ಎಂ. ಕೃಷ್ಣ ಅವರ ಸರ್ಕಾರ 1999ರಲ್ಲಿ ಒಂದು ಕಾರ್ಯಪಡೆ ನೇಮಿಸಿತ್ತು, ಹಣವೂ ಬಂತು, ಕಂಪ್ಯೂಟರೂ ಬಂತು. ಆದರೂ ಒಂದು ಮಾತು ನಿಜ. ಎಷ್ಟು ಕೆಟ್ಟಿದೆ ಎಂದು ಎಣಿಸಿ ಮುಖದ ಮುಂದೆ ಹಿಡಿಯದಿದ್ದರೆ ಸರಿಪಡಿಸುವ ಅವಸರ ಯಾರಿಗೂ ಹುಟ್ಟುತ್ತಿರಲಿಲ್ಲ. ನಮ್ಮ ನಗರಕ್ಕೆ ಇಂಥ ಅಂಕಪಟ್ಟಿ ಬೇಕೋ ಬೇಡವೋ? ಬೇಕು. ಅದೂ ಐದು ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೊಮ್ಮೆ.

ಕಾನೂನು ಇದೆ, ಕಪಾಟಿನಲ್ಲಿದೆ

‘ಜನ ಬಂದು ನಮ್ಮ ಕೆಲಸ ನೋಡೋಕೆ ಯಾವ ರೂಲ್ಸಿನಲ್ಲಿದೆ?’ ಎಂದು ಕೇಳುವ ಅಧಿಕಾರಿಗಳಿದ್ದಾರೆ. ಸ್ವಾಮಿ, ರೂಲ್ಸು ಬೇಕಾದಷ್ಟಿದೆ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಮೂರು ಲಕ್ಷ ಜನಸಂಖ್ಯೆ ದಾಟಿದ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಅದು ಹೇಳಿತು. ನಮ್ಮ 1976ರ ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ವಾರ್ಡಿಗೊಂದು ಸಮಿತಿ, ಅದರ ಕೆಳಗೆ ಏರಿಯಾ ಸಭೆ ಎಂದು ಬರೆದರು. ಸಮಿತಿಗೆ ಕಾರ್ಪೊರೇಟರೇ ಅಧ್ಯಕ್ಷರು. ಜೊತೆಗೆ ಹತ್ತು ಮಂದಿ ಸದಸ್ಯರು. ಅವರಲ್ಲಿ ಮೂವರಾದರೂ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಮಂಗಳೂರಿನವರು ಈ ಸಮಿತಿ ಮಾಡಿ ಎಂದು ಕೇಳಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಅಂದಿನ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಕಾರ್ಪೊರೇಟರುಗಳೇ ಇಲ್ಲದೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ದರ್ಬಾರು ನಡೆಯಿತು. ಅಧ್ಯಕ್ಷರೇ ಇಲ್ಲದ ಮೇಲೆ ಸಮಿತಿಯ ಗತಿ ಏನು?

2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಗೆ ಇನ್ನೊಂದು ಕೀಲಿಕೈ ಕೊಟ್ಟಿದೆ. ಅದು ಬರೀ ಕಾಗದದ ನಕಲು ಪಡೆಯುವ ಹಕ್ಕು ಎಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕರಿಸಿದ ಮಾದರಿ ಪಡೆಯುವ ಹಕ್ಕು ಕೂಡ ಅದರಲ್ಲಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಿಮ್ಮ ಬೀದಿಯ ಕಾಂಕ್ರೀಟಿನಲ್ಲಿ ಸಿಮೆಂಟೆಷ್ಟು, ಎಂ-ಸ್ಯಾಂಡ್ ಎಷ್ಟು ಎಂದು ನೋಡುವ ಅಧಿಕಾರ ನಿಮಗೇ ಇದೆ.

ಈ ಹಕ್ಕು ಆಕಾಶದಿಂದ ಉದುರಿದ್ದಲ್ಲ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಯ ಲೆಕ್ಕವನ್ನು ಊರ ಮುಂದೆ ಓದಿಸಿದರು. ಯಾರ ಹೆಸರಿನಲ್ಲಿ ಕೂಲಿ ಬಿದ್ದಿದೆ, ಯಾವ ಕೆಲಸ ಆಗಿದೆ ಎಂದು ಜೋರಾಗಿ ಓದುವುದು, ಜನ ಹೌದು ಅಥವಾ ಅಲ್ಲ ಎನ್ನುವುದು. ಅಷ್ಟೇ. ಅಕ್ಷರ ಬಾರದ ಕೂಲಿಯವರು ಲೆಕ್ಕಪರಿಶೋಧಕರಾದರು. ಆ ಕಿಡಿಯೇ ಮುಂದೆ ಮಾಹಿತಿ ಹಕ್ಕಿನ ಚಳವಳಿಯಾಯಿತು. ಕೂಲಿಯವರಿಗೆ ಸಾಧ್ಯವಾದದ್ದು ಡಿಗ್ರಿ ಓದಿದ ನಮ್ಮ ಬಡಾವಣೆಗಳಿಗೆ ಸಾಧ್ಯವಿಲ್ಲವೇ?

ಸಕಾಲ ಕಾಯ್ದೆಯ ಮಾತನ್ನೂ ಹೇಳಿಬಿಡೋಣ. 2012ರ ಏಪ್ರಿಲಿನಿಂದ ಅದು ರಾಜ್ಯವಿಡೀ ಜಾರಿಯಲ್ಲಿದೆ. ಹೇಳಿದ ದಿನದೊಳಗೆ ಪ್ರಮಾಣಪತ್ರ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಒಳ್ಳೆಯದೇ. ಆದರೆ ಜನನ ಪತ್ರ ಒಬ್ಬರದು, ಚರಂಡಿ ಎಲ್ಲರದು. ಒಬ್ಬರದಾದರೆ ಕೇಳುವವರಿದ್ದಾರೆ. ಎಲ್ಲರದಾದದ್ದನ್ನು ಕೇಳುವವರು ಯಾರು?

ವಾರ್ಡಿಗೊಂದು ಪುಸ್ತಕ

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ, ಚಿಕ್ಕದಾಗಿದೆ, ಖರ್ಚೂ ಕಡಿಮೆ.

ಒಂದು: ಪ್ರತಿ ವಾರ್ಡಿನಲ್ಲಿ ಒಂದು ಪುಸ್ತಕ ಇಡಿ. ನೂರು ಪುಟದ ರಟ್ಟಿನ ಪುಸ್ತಕವೇ ಸಾಕು. ನ್ಯಾಯಬೆಲೆ ಅಂಗಡಿಯಲ್ಲೋ, ಅಂಗನವಾಡಿಯಲ್ಲೋ, ಹಾಲಿನ ಬೂತಿನಲ್ಲೋ ಇರಲಿ. ನೀರು ಬಂದ ದಿನ ಮತ್ತು ಗಂಟೆ, ನೀರಿನ ಬಣ್ಣ, ಉರಿಯದ ಕಂಬದ ನಂಬರು, ಕಸದ ಆಟೋ ಬಂದ ದಿನ, ಉಕ್ಕಿದ ಯುಜಿಡಿ. ಈ ಐದನ್ನು ಬರೆದರೆ ಸಾಕು. ಮೊಬೈಲು ಇದ್ದವರು ಫೋಟೋ ತೆಗೆದು ಪಾಲಿಕೆಗೂ ಕಳಿಸಲಿ. ಇಲ್ಲದವರಿಗೆ ಪುಸ್ತಕವೇ ಆಧಾರ.

ಎರಡು: ದೂರನ್ನು ‘ಬಗೆಹರಿದಿದೆ’ ಎಂದು ಮುಚ್ಚುವ ಅಧಿಕಾರ ದೂರು ಕೊಟ್ಟವರಿಗೇ ಇರಲಿ. ಅವರು ‘ಹೌದು, ಆಯಿತು’ ಎನ್ನುವ ತನಕ ಅದು ಬಾಕಿ ಪಟ್ಟಿಯಲ್ಲೇ ಉಳಿಯಲಿ.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು: ಬೀದಿಯ ಕಾಮಗಾರಿಯ ಬಿಲ್ಲು ಪಾಸಾಗುವ ಮುಂಚೆ ಆ ಬೀದಿಯ ಐದು ಮನೆಯವರ ಟಿಪ್ಪಣಿ ಮತ್ತು ರುಜು ಬೀಳಲಿ. ಅಳತೆ ಪುಸ್ತಕ ಇಂಜಿನಿಯರದ್ದೇ ಇರಲಿ, ಅದಕ್ಕೆ ನಾವು ಕೈ ಹಾಕುವುದಿಲ್ಲ. ‘ಕೆಲಸ ನಡೆದದ್ದು ನೋಡಿದ್ದೇವೆ’ ಅಥವಾ ‘ಇಂತಲ್ಲಿ ಅರ್ಧಕ್ಕೇ ಬಿಟ್ಟಿದ್ದಾರೆ’ ಎಂಬ ಎರಡು ಸಾಲು ಜೊತೆಗಿರಲಿ. ‘ಬಿಟ್ಟಿದ್ದಾರೆ’ ಎಂದಿದ್ದರೆ ಮೇಲಧಿಕಾರಿ ಬಂದು ನೋಡಿ, ಉತ್ತರ ಬರೆದ ಮೇಲೆಯೇ ಹಣ ಹೋಗಲಿ. ಕೆಲಸದ ಬೋರ್ಡಿನಲ್ಲಿ ಮೊತ್ತ, ಗುತ್ತಿಗೆದಾರನ ಹೆಸರು, ಎಷ್ಟು ಅಗಲ, ಎಷ್ಟು ದಪ್ಪ, ಕೆಟ್ಟರೆ ಎಷ್ಟು ಕಾಲದವರೆಗೆ ಅವನೇ ರಿಪೇರಿ ಮಾಡಬೇಕು ಎಂಬುದೆಲ್ಲ ಕನ್ನಡದಲ್ಲಿ ಇರಲಿ. ಗೊತ್ತಿಲ್ಲದ್ದನ್ನು ಜನ ನೋಡುವುದು ಹೇಗೆ?

ನಾಲ್ಕು: ತಿಂಗಳಿಗೊಂದು ದಿನ ವಾರ್ಡಿನ ಶಾಲೆಯಲ್ಲಿ ಸಭೆ ಸೇರಿ ಪುಸ್ತಕವನ್ನು ಜೋರಾಗಿ ಓದಲಿ. ಕಾರ್ಪೊರೇಟರು, ಜೂನಿಯರ್ ಇಂಜಿನಿಯರು, ಹೆಲ್ತ್ ಇನ್ಸ್‌ಪೆಕ್ಟರು ಎದುರಿಗಿರಲಿ. ಎಷ್ಟು ಬಂತು, ಎಷ್ಟು ಆಯಿತು, ಎಷ್ಟು ಬಾಕಿ ಎಂದು ಮೂರು ಅಂಕಿ ಗೋಡೆಗೆ ಅಂಟಿಸಲಿ. ಆ ಅಂಕಿಗಳನ್ನು ಪ್ರಕಟಿಸಲು ಈ ಪತ್ರಿಕೆ ಜಾಗ ಕೊಡುತ್ತದೆ. ಮೊದಲ ಸ್ಥಾನ ಬಂದ ವಾರ್ಡಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಕೊನೆಯ ಸ್ಥಾನದ್ದನ್ನೂ ಅಷ್ಟೇ ದಪ್ಪದಲ್ಲಿ!

ಪೊರಕೆ ಹಿಡಿದವರ ಮೇಲಲ್ಲ

ಇಲ್ಲೊಂದು ಎಚ್ಚರಿಕೆ. ಜನರಿಗೆ ಪುಸ್ತಕ ಕೊಟ್ಟ ಕೂಡಲೇ ಅವರ ಬೆರಳು ಮೊದಲು ತಿರುಗುವುದು ಪೌರಕಾರ್ಮಿಕರ ಕಡೆಗೆ. ಕಣ್ಣಿಗೆ ಕಾಣುವವರು ಅವರೇ ತಾನೇ! 700 ಜನಕ್ಕೆ ಒಬ್ಬ ಪೌರಕಾರ್ಮಿಕರು ಎಂಬುದು ಸರ್ಕಾರದ್ದೇ ಲೆಕ್ಕಾಚಾರ. ಆ ಲೆಕ್ಕ ಭರ್ತಿಯಾಗದ ವಾರ್ಡಿನಲ್ಲಿ ಇರುವ ಒಬ್ಬಾಕೆ ಇಬ್ಬರ ಬೀದಿ ಗುಡಿಸುತ್ತಾಳೆ. ಕೈಗವಸು ಕೊಟ್ಟಿದ್ದಾರೆಯೇ, ಗಾಡಿಯ ಚಕ್ರ ಉರುಳುತ್ತದೆಯೇ, ಸಂಬಳ ತಿಂಗಳಿಗೆ ಸರಿಯಾಗಿ ಬಂದಿದೆಯೇ? ಪುಸ್ತಕದಲ್ಲಿ ಇದನ್ನೂ ಬರೆಯಿರಿ. ‘ಆಯಮ್ಮ ಇವತ್ತು ಬರಲಿಲ್ಲ’ ಎಂದು ಬರೆಯುವ ಮುಂಚೆ ‘ಯಾಕಮ್ಮ ಬರಲಿಲ್ಲ’ ಎಂದು ಒಂದು ಮಾತು ಕೇಳಿ. ಲೆಕ್ಕ ಕೇಳಬೇಕಾದದ್ದು ಮೇಲಿನ ಮೆಟ್ಟಿಲಿನಲ್ಲಿ. ಕೆಳಗಿನ ಮೆಟ್ಟಿಲಿನಲ್ಲಿ ನಿಂತವರನ್ನು ಬೈದರೆ ಮೇಲಿನವರಿಗೆ ನೆಮ್ಮದಿಯ ನಿದ್ದೆ.

ಹಾಗೆಯೇ ಈ ಕೆಲಸ ಪೆನ್ಷನ್ ಬಂದ ಹಿರಿಯರ, ಕಾಂಪೌಂಡ್ ಇರುವ ಮನೆಗಳ ಸಂಘಕ್ಕಷ್ಟೇ ಮೀಸಲಾಗಬಾರದು. ಅವರಿಗೆ ಪುರುಸೊತ್ತಿದೆ, ಅರ್ಜಿ ಬರೆಯಲು ಬರುತ್ತದೆ, ಅವರ ಸೇವೆ ದೊಡ್ಡದು. ಆದರೆ ನೀರು ಮೊದಲು ಕೆಡುವುದು ತಗ್ಗಿನಲ್ಲಿರುವ ಕೇರಿಯಲ್ಲಿ. ಅಲ್ಲಿನ ಹೆಣ್ಣುಮಗಳ ಹೆಬ್ಬೆಟ್ಟಿಗೂ ಬಡಾವಣೆಯ ನಿವೃತ್ತ ಹೆಡ್‌ಮಾಸ್ತರರ ರುಜುವಿಗೂ ಒಂದೇ ಬೆಲೆ ಇರಬೇಕು.

ಆಕ್ಷೇಪಗಳಿಗೆ ಉತ್ತರ

‘ಓಟು ಹಾಕಿ ಗೆಲ್ಲಿಸಿದ ಮೇಲೆ ನಾವಿಲ್ಲವೇ? ಜನ ಯಾಕೆ ಮೂಗು ತೂರಿಸಬೇಕು?’ ಎನ್ನುತ್ತಾರೆ ಕೆಲವು ಪುರಪಿತೃಗಳು. ಸ್ವಾಮಿ, ನಿಮ್ಮ ಕುರ್ಚಿಯನ್ನು ಯಾರೂ ಕೇಳುತ್ತಿಲ್ಲ. ಅಧಿಕಾರಿ ನಿಮ್ಮ ಮಾತು ಕೇಳುವುದಿಲ್ಲ ಎಂದು ಕೌನ್ಸಿಲಿನಲ್ಲಿ ಮೇಜು ಗುದ್ದುವವರು ನೀವೇ ಅಲ್ಲವೇ? ಇನ್ನೂರು ಮನೆಯವರು ಬರೆದ ಪುಸ್ತಕ ಕೈಯಲ್ಲಿದ್ದರೆ ಮೇಜು ಗುದ್ದುವ ಅಗತ್ಯವೇ ಬೀಳದು.

‘ರುಜು ಕೇಳಿದರೆ ಪುಢಾರಿಗಳು ಕಮಿಷನ್ ಕೇಳುತ್ತಾರೆ’ ಎಂಬುದು ಗುತ್ತಿಗೆದಾರರ ಅಳುಕು. ಇದರಲ್ಲಿ ಹುರುಳಿದೆ. ಆದ್ದರಿಂದಲೇ ಒಬ್ಬರ ರುಜು ಬೇಡ, ಐದು ಮನೆಯದು ಬೇಕು. ಆ ಐದೂ ಪ್ರತಿ ಸಲ ಬೇರೆ ಮನೆಗಳಾಗಿರಲಿ, ಚೀಟಿ ಎತ್ತಿ ಆರಿಸಲಿ. ಎಲ್ಲವನ್ನೂ ಸಭೆಯಲ್ಲಿ ಓದುವುದರಿಂದ ಗುಟ್ಟಿನ ವ್ಯವಹಾರಕ್ಕೆ ಜಾಗ ಕಡಿಮೆ.

‘ಕೆಲಸ ತಡವಾಗುತ್ತದೆ’ ಎಂಬುದು ಇಂಜಿನಿಯರರ ವಾದ. ಒಂದೇ ಬೀದಿಯನ್ನು ಮೂರು ಸಲ ಅಗೆದು ಮೂರು ಸಲ ಮುಚ್ಚುವಾಗ ಆಗದ ತಡ, ಐದು ರುಜುವಿಗೆ ಆಗುತ್ತದೆಯೇ?

ನಾಗರಿಕ ಬಂಧುಗಳಿಗೆ ಒಂದು ಮಾತು

ಇಷ್ಟು ಹೊತ್ತು ಪಾಲಿಕೆಗೆ ಹೇಳಿದೆವು. ಈಗ ನಮ್ಮನಮ್ಮೊಳಗೆ ಒಂದು ಮಾತು. ರಾತ್ರಿ ಒಂಬತ್ತರ ಮೇಲೆ ಖಾಲಿ ಸೈಟಿಗೆ ಕಸದ ಕವರು ಎಸೆಯುವವರು ಪಾಲಿಕೆಯವರಲ್ಲ. ಚರಂಡಿಯ ಮೇಲೆ ಕಲ್ಲು ಹಾಸಿ ಅಂಗಡಿ ಇಟ್ಟವರೂ, ನೀರಿನ ಪೈಪಿಗೆ ಮೋಟಾರ್ ಹಾಕಿ ಎಳೆಯುವವರೂ ಪಾಲಿಕೆಯವರಲ್ಲ. ಪಕ್ಕದ ಮನೆಯವರು ಮಾಡುವಾಗ ‘ನಮಗ್ಯಾಕೆ ಬಿಡು’ ಎಂದು ಕಿಟಕಿ ಮುಚ್ಚುವವರು ಇಂಜಿನಿಯರರನ್ನು ಕೇಳುವ ಧೈರ್ಯ ಎಲ್ಲಿಂದ ತರುತ್ತಾರೆ? ವಾರ್ಡಿನ ಪುಸ್ತಕದಲ್ಲಿ ನಮ್ಮ ಬೀದಿಯವರ ತಪ್ಪಿಗೂ ಒಂದು ಪುಟ ಇರಲಿ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮದೇ. ದಿನಕ್ಕೆ ಎರಡು ನಿಮಿಷ, ಎರಡು ಸಾಲು. ಪ್ರತಿ ಮನೆಯಿಂದ ಅಷ್ಟು ಬಂದರೆ ಯಾವ ಕಚೇರಿಯೂ ‘ಗೊತ್ತಿರಲಿಲ್ಲ’ ಎನ್ನುವಂತಿಲ್ಲ.

ಇದಕ್ಕೆ ವಿಧಾನಸೌಧದ ಬಾಗಿಲು ತಟ್ಟುವುದು ಬೇಡ. ಕೌನ್ಸಿಲಿನ ಒಂದು ಠರಾವು, ಕಮಿಷನರ್ ಸಾಹೇಬರ ಒಂದು ಸುತ್ತೋಲೆ ಇದ್ದರೆ ಶುರು ಮಾಡಬಹುದು. ಎಲ್ಲ ವಾರ್ಡಿನಲ್ಲೂ ಒಮ್ಮೆಗೇ ಆಗದಿದ್ದರೆ ಐದು ವಾರ್ಡಿನಲ್ಲಿ ಮೂರು ತಿಂಗಳು ಮಾಡಿ ನೋಡಲಿ. ಮಳೆಗಾಲದಲ್ಲಿ ನೀರು ಕೆಡುವ ಹಳೆಯ ಪೇಟೆಯ ವಾರ್ಡುಗಳಿಂದಲೇ ಆರಂಭವಾಗಲಿ. ಅವರು ಮಾಡದಿದ್ದರೂ ಪುಸ್ತಕ ಇಡಲು ಯಾರ ಅಪ್ಪಣೆಯೂ ಬೇಡ. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದ ಮೇಲೆ ನಿಮ್ಮ ವಾರ್ಡಿನ ನಂಬರು ಬರೆಯಿರಿ. ನೀರು ಬಂದ ದಿನ, ಗಂಟೆ ಮತ್ತು ಬಣ್ಣದಿಂದ ಶುರು ಮಾಡಿ.